ಬಾಟ್ಲಿ ನಿಂದಾದ್ರೆ ಚೀಲನೂ ನಿಂದೇ ಆಗ್ಲಿ

ಹೋದ ವಾರ ನಮ್ಮ ತಂಗಿ ಮಗಳು ಅಮೆರಿಕದಿಂದ ಫೋನ್ ಮಾಡಿದ್ಲು. ನಾನು ಆಗ ತಾನೆ ಹುಚ್ಚೆಳ್ಳು ಹುರಿದು ಕೆಳಗಿಳಿಸಿ ಒಲೆ ಆರಿಸಿ ಕುಂತಿದ್ದೆ. "ದೊಡ್ಡವ್ವ, ನೀನು ಉಪ್ಪಿನಕಾಯಿ ಜಾಡಿನ ಬಸ್ಸಲ್ಲಿ ಒಡೀದಂಗೆ ಹೆಂಗೆ ಕಟ್ತಿದ್ದೆ, ವಸಿ ಹೇಳು" ಅಂದ್ಲು. ಸದ್ಯ ಈ ಹುಡುಗಿ ಉಪ್ಪಿನಕಾಯಿ ಹಾಕೋದು ಕಲ್ತ್ಲಲ್ಲ ಅಂತ ಖುಷಿಯಾಯ್ತು. ಮುಚ್ಚಳದ ಕೆಳಗೆ ಬಾಳೆ ಎಲೆನೋ ಪ್ಲಾಸ್ಟಿಕ್ಕೋ ಕೊಟ್ಟು ಬಿಗಿ ಮಾಡ್ಬೇಕು, ಹಳೇ ಪಂಚೆ ಎರಡು ಸುತ್ತು ಸುತ್ತಬೇಕು, ಚೀಲದ ಅಂಚಿಗೆ ಮಡಗಬಾರದು, ನಡುಮಧ್ಯ ಬಟ್ಟೆ ಮೆತ್ತಗೆ ಮಾಡಿ ನೆಟ್ಟಗೆ ಕೂರಿಸ್ಬೇಕು, ಗಾಜಿಗೆ ಗಾಜು ತಾಕಬಾರದು ಅಂತ ಎಲ್ಲ ಹೇಳ್ದೆ. ಪೂರಾ ಕೇಳ್ಕಂಡು ಆಮೇಲೆ ಹೇಳ್ತಾಳೆ, ಉಪ್ಪಿನಕಾಯಿಗಲ್ವಂತೆ, ವೈನ್ ಬಾಟ್ಲಿಗಂತೆ!

ಗಂಡ ಹೆಂಡ್ತಿ ಇಬ್ರೂ ಫ್ಲೋರಿಡಾ ಅನ್ನೋ ಕಡೆಯಿಂದ ದೊಡ್ಡ ಹಡಗು ಹತ್ತಿ ಬಹಾಮಾಸ್ ದ್ವೀಪಕ್ಕೆ ಹೋಗ್ತಾವ್ರೆ. ಆ ಹಡಗಲ್ಲಿ ಒಂದು ಕಾನೂನು ಅದ. ಇಪ್ಪತ್ತೊಂದು ವರ್ಷ ತುಂಬಿದ ಒಬ್ಬೊಬ್ರಿಗೆ ಒಂದೊಂದು ವೈನ್ ಬಾಟ್ಲಿ, 750 ಮಿಲಿ ಲೀಟರ್‌ದು, ಸೀಲ್ ಒಡೀದೆ ಇರೋದು, ಮನೆಯಿಂದ ತರಬೈದು. ಹಡಗು ಹತ್ತೋ ಮೊದಲ್ನೇ ದಿನ ಮಾತ್ರ. ಅದನ್ನ ದೊಡ್ಡ ಸೂಟ್‌ಕೇಸ್‌ಗೆ ತುಂಬೋ ಹಂಗಿಲ್ಲ. ಕೈ ಚೀಲದಲ್ಲಿ ಮಡಿಕ್ಕಂಡು ಎಲ್ರ ಕಣ್ಣೆದುರಿಗೇ ತೋರಿಸ್ಕಂಡು ಹತ್ತಬೇಕು. ಬಿಯರು, ವಿಸ್ಕಿ, ರಮ್ಮು ಯಾವ್ದೂ ಕೂಡದು. ಊಟದ ಹಾಲಿಗೆ ಆ ಬಾಟ್ಲಿ ತಕ್ಕೊಂಡೋದ್ರೆ ಬಿರಡೆ ತೆಗೆದುಕೊಟ್ಟಿದ್ದಕ್ಕೇ ಹದಿನೈದು ಡಾಲರ್ ಕೊಡಬೇಕಂತೆ. ಬಿರಡೆ ತೆಗೆಯೋದಕ್ಕೆ ಸಾವಿರ ರೂಪಾಯಿ ಮೇಲೆ! ನಮ್ಮೂರಲ್ಲಿ ಒಂದು ದಿನ ಪೂರ್ತಿ ಅರಿಶಿನ ಬೇಯಿಸಿದ ಹೆಣ್ಣಾಳಿಗೂ ಅಷ್ಟು ಕೂಲಿ ಹುಟ್ಟಲ್ಲ.

ಅವ್ಳಿಗೆ ಬಂದ ಫಜೀತಿ ಏನಪ್ಪ ಅಂದ್ರೆ, ಮನೆಯಿಂದ ಬಂದರಿಗೆ ವಿಮಾನದಲ್ಲಿ ಹೋಗ್ಬೇಕು. ವಿಮಾನದಲ್ಲಿ ಇದಕ್ಕೆ ಉಲ್ಟಾ ಕಾನೂನು. ಕೈ ಚೀಲದಲ್ಲಿ ನೂರು ಮಿಲಿ ಮೇಲೆ ಯಾವ ನೀರು ನಿಡಿಯೂ ಬುಡಲ್ಲ, ಹಂಗಾಗಿ ಬಾಟ್ಲಿ ದೊಡ್ಡ ಸೂಟ್‌ಕೇಸ್‌ಗೇ ಹೋಗ್ಬೇಕು. ಬಂದರಿಗೆ ಹೋದ್ಮೇಲೆ ಅದನ್ನ ಬಿಚ್ಚಿ ಕೈ ಚೀಲಕ್ಕೆ ಮಡಗಬೇಕು. ಅದಕ್ಕೇ ನನ್ನ ಪಂಚೆ ಸುತ್ತೋ ವಿದ್ಯೆ ಬೇಕಾಗಿದ್ದು. "ಎಲ್ಲ ಸರಿ, ನಾನು ಕಳ್ಸಿದ ಚಟ್ನಿಪುಡಿ ತಕ್ಕೊಂಡೋಗ್ತಿಯಾ?" ಅಂದೆ. "ಇಲ್ಲ ದೊಡ್ಡವ್ವ, ಮನೇಲಿ ಮಾಡಿದ್ದು ಏನೂ ಬುಡಲ್ಲ ಹಡಗಲ್ಲಿ" ಅಂದ್ಲು. ವೈನ್ ಬತ್ತದ, ಚಟ್ನಿಪುಡಿ ಬರಲ್ಲ. ನೋಡ್ರವ್ವ ಲೋಕ ಹೆಂಗದ ಅಂತ.

ನಾನು ನಕ್ಕೊಂಡೇ ಫೋನ್ ಮಡಗಿದೆ. ಆದ್ರೆ ಅವ್ಳು ಹೇಳಿದ ಆ ಒಂದು ಮಾತು, ಕೈಯಲ್ಲೇ ಹಿಡ್ಕಂಡು ಎಲ್ರ ಕಣ್ಣೆದುರಿಗೇ ಹತ್ತಬೇಕು ಅನ್ನೋದು, ರಾತ್ರಿ ಮಲಗೋಗಂಟ ತಲೇಲಿ ತಿರುಗ್ತಾನೇ ಇತ್ತು. ಯಾಕೆ ಅಂದ್ರೆ ಹೋದ ಬೇಸಿಗೇಲಿ ನನಗಾದ ಒಂದು ಅವಮಾನ ಇನ್ನೂ ಹೊಟ್ಟೇಲೇ ಕುಂತದ. ಯಾರಿಗೂ ಬಾಯಿಬುಟ್ಟು ಹೇಳಿರಲಿಲ್ಲ. ಇವತ್ತು ಹೇಳ್ತೀನಿ.

ಮೇ ತಿಂಗಳಲ್ಲಿ ಬೆಂಗಳೂರಿಂದ ನೆಂಟ್ರು ಬಂದಿದ್ರು. ಗುಂಡ್ಲುಪೇಟೆಲಿ ಮನೆ ಮಾಡ್ಕಂಡವರ ಹಣೆಬರ ನಿಮಗೆ ಗೊತ್ತಲ್ಲ, ಊಟಿಗೆ ಹೋಗೋರಿಗೆಲ್ಲ ನಮ್ಮ ಮನೆ ಒಂದು ಛತ್ರ. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರಗಂಟ ಬಂಡೀಪುರದ ರಸ್ತೆ ಮುಚ್ತಾರೆ, 2009ರಿಂದಲೂ ಹಂಗೇ ಅದ. ತಡವಾಗಿ ಹೊಂಟೋರು ಕಾಡು ದಾಟಕ್ಕಾಗ್ದೆ ನಮ್ಮ ಬಾಗ್ಲು ತಟ್ತಾರೆ. ತಟ್ಲಿ, ಬ್ಯಾಡ ಅನ್ನಲ್ಲ. ಕಾಡಿಗೂ ಒಂದು ರಾತ್ರಿ ನಿದ್ದೆ ಬೇಕಲ್ಲ. ಆ ಸಲ ಹನ್ನೆರಡು ಜನ, ಒಂದು ಟೆಂಪೋ ಟ್ರಾವೆಲ್ಲರು. "ನೀನೂ ಬಾ ಅಕ್ಕ" ಅಂತ ಬಲವಂತ ಮಾಡಿದ್ರು. ಊಟಿಗೆ ನಾನು ಹೋಗಿ ಹನ್ನೊಂದು ವರ್ಷ ಆಗಿತ್ತು, ಆಸೆ ಆಯ್ತು. ಬೆಳಗ್ಗೆ ನಾಕು ಗಂಟೆಗೆ ಎದ್ದು ಪುಳಿಯೋಗರೆ, ಚಪಾತಿ, ಹುಚ್ಚೆಳ್ಳು ಚಟ್ನಿ, ಮೊಸರನ್ನ ಎಲ್ಲ ಕಟ್ಟಿದೆ. ದೊಡ್ಡ ನೀಲಿ ಬುತ್ತಿ ಚೀಲ, ಅದು ನಮ್ಮತ್ತೆ ಕಾಲದ್ದು, ಅದರ ತುಂಬ ಡಬ್ಬ.

ನಾನು ಸ್ನಾನಕ್ಕೆ ಹೋಗಿದ್ದಾಗ ಆ ಚೀಲದ ತಳದಲ್ಲಿ, ಪುಳಿಯೋಗರೆ ಡಬ್ಬದ ಕೆಳಗೆ, ನನ್ನದೇ ಟವಲ್ಲಲ್ಲಿ ಸುತ್ತಿ ಮೂರು ಬಾಟ್ಲಿ ಮಡಗವ್ರೆ. ಮಡಗಿದೋನು ನಮ್ಮವನೇ, ವರಸೇಲಿ ಅಳಿಯ ಆಗಬೇಕು. ಹಿಂದಿನ ಸಂಜೆ ಪೇಟೆಗೆ ಹೋಗಿ ತಂದಿದ್ದನಂತೆ. ಗುಂಡ್ಲುಪೇಟೆ ದಾಟಿದ್ರೆ ಕಾಡು, ಕಾಡು ದಾಟಿದ್ರೆ ಬೇರೆ ರಾಜ್ಯ. ಅದಕ್ಕೇ ಈ ಗಂಡಸ್ರಿಗೆ ನಮ್ಮೂರಿಗೆ ಬಂದ ತಕ್ಷಣ ಅವಸರ.

ಕೆಕ್ಕನಹಳ್ಳದ ಹತ್ರ ತಮಿಳುನಾಡು ಶುರುವಾಗ್ತದ. ಅಲ್ಲಿ ಗಾಡಿ ನಿಲ್ಲಿಸಿ ನೋಡ್ತಾರೆ. ಈಗ 2024ರ ಮೇ ಇಂದ ಊಟಿಗೆ ಇ-ಪಾಸ್ ಬೇರೆ ಬೇಕು, ಅದನ್ನೂ ನೋಡ್ತಾರೆ. ನೀಲಗಿರಿಲಿ ಪ್ಲಾಸ್ಟಿಕ್ ನೀರಿನ ಬಾಟ್ಲಿ, ಕವರು ಬುಡಲ್ಲ ಅನ್ನೋದು ನಿಮಗೂ ಗೊತ್ತದ. ಒಬ್ಬ ಹೆಂಗಸು ಒಳಗೆ ಬಗ್ಗಿ, ನನ್ನ ತೊಡೆ ಮೇಲಿದ್ದ ಚೀಲ ನೋಡಿ, "ಇದು ಯಾರ್ ಬ್ಯಾಗ್ ಮಾ?" ಅಂದ್ಲು. "ನಂದೇ ಕನವ್ವ, ಅಡಿಗೆ" ಅಂದೆ. ಮುಚ್ಚಳ ತೆಗೆದು ತೋರಿಸ್ದೆ. ಪುಳಿಯೋಗರೆ ವಾಸ್ನೆ ಗಮ್ ಅಂತು. ಅವ್ಳು ನಕ್ಕು ಇನ್ನೂ ಒಳಗೆ ಕೈ ಹಾಕ್ದೆ, "ಪರವಾಯಿಲ್ಲ ಮಾ" ಅಂತ ಬುಟ್ಲು. ಆದ್ರೆ ಸೀಟಿನ ಪಕ್ಕ ನಾನು ಮಡಗಿದ್ದ ಪ್ಲಾಸ್ಟಿಕ್ ನೀರಿನ ಬಾಟ್ಲಿ ತಕ್ಕೊಂಡ್ಲು. ನಾನೇ ಎತ್ತಿ ಕೊಟ್ಟೆ, "ಮರ್ತೆ ಕನವ್ವ, ತಪ್ಪಾಯ್ತು" ಅಂತಲೂ ಅಂದೆ. ನೀರು ಕೊಟ್ಟು ತಪ್ಪಾಯ್ತು ಅಂದ ನಾನು, ತೊಡೆ ಮೇಲೆ ಮೂರು ಬಾಟ್ಲಿ ಎಣ್ಣೆ ಮಡಿಕ್ಕಂಡು ಕುಂತಿದ್ದೆ.

ಗೂಡಲೂರು ಏರಿ ಪೈಕಾರ ಹತ್ರ ಊಟಕ್ಕೆ ಕುಂತೊ. ಎಲೆ ಹಾಕಿ, ಬಡಿಸೋಣ ಅಂತ ಡಬ್ಬ ಎತ್ತಿದ್ರೆ ಕೆಳಗೆ ಟವಲ್ಲು. ನನ್ನ ಟವಲ್ಲು ಇಲ್ಲಿಗೆ ಹೆಂಗೆ ಬಂತು ಅಂತ ಎಳೆದೆ. ಬಾಟ್ಲಿ ಉರುಳ್ತು. ಮಕ್ಕಳೆಲ್ಲ ಎದುರಿಗವ್ರೆ. ಒಂದು ಗಳಿಗೆ ಎಲ್ರೂ ಸುಮ್ಮಗಾದ್ರು. ಆಮೇಲೆ ಆ ಅಳಿಯ, "ಅತ್ತೆ ಮೊಕ ನೋಡಿದ್ರೆ ಯಾವ ಚೆಕ್‌ಪೋಸ್ಟ್‌ನೋರೂ ಕೈ ಹಾಕಲ್ಲ" ಅಂದ. ಎಲ್ರೂ ನಕ್ಕರು. ಹೆಂಗಸ್ರೂ ನಕ್ಕರು. ನಾನೂ ನಕ್ಕೆ ಅನ್ನಿ, ಹನ್ನೆರಡು ಜನ ನಗೋವಾಗ ಒಬ್ಳು ಅಳಕ್ಕಾಗ್ತದ? ಆ ಪುಳಿಯೋಗರೆ ನನಗೆ ಗಂಟಲಲ್ಲಿ ಇಳೀಲಿಲ್ಲ.

ನನಗೆ ಕುಡಿತದ ಮೇಲೆ ಭಾಷಣ ಮಾಡೋ ಚಟ ಇಲ್ಲ. ಕುಡಿಯೋ ಗಂಡಸ್ರ ನಡುವೆಯೇ ಬೆಳೆದೋಳು ನಾನು. ನಮ್ಮ ಕಡೆ ಮಾರ್ನಮಿ ಅಮಾವಾಸ್ಯೇಲಿ ಹಿರೀಕರಿಗೆ ಎಡೆ ಇಡ್ತೀವಲ್ಲ, ತಾತನಿಗೆ ಏನಿಷ್ಟ ಇತ್ತೋ ಅದೆಲ್ಲ ಇಡ್ತೀವಿ. ಬೀಡಿ ಸೇದ್ತಿದ್ರೆ ಬೀಡಿ ಕಟ್ಟು, ಕುಡೀತಿದ್ರೆ ಬಾಟ್ಲಿ. ಬಾಳೆ ಎಲೆ ಮೇಲೆ, ಮಾಂಸದ ಸಾರು, ಕಜ್ಜಾಯದ ಪಕ್ಕದಲ್ಲಿ, ದೀಪದ ಎದುರಿಗೆ. ಯಾರೂ ಬಚ್ಚಿಡಲ್ಲ. ಸತ್ತೋನ ಬಾಟ್ಲಿಗೆ ಅಷ್ಟು ಮರ್ಯಾದೆ ಅದ. ಬದುಕಿರೋನ ಬಾಟ್ಲಿ ಮಾತ್ರ ಯಾಕೆ ಹೆಂಗಸ್ರ ಟವಲ್ಲಲ್ಲಿ ಅವಿತ್ಕಬೇಕು?

ನನ್ನ ತಕರಾರು ಇಷ್ಟೇ ಕನ್ರವ್ವ. ಕುಡಿಯೋದು ಅವನು, ಕೊಂಡಿದ್ದು ಅವನು, ಅಳುಕು ಇದ್ದಿದ್ದೂ ಅವನಿಗೇ. ಅಳುಕು ಇದ್ದಿದ್ರಿಂದಲೇ ನನ್ನ ಚೀಲಕ್ಕೆ ತುಂಬಿದ್ದು. ನನಗೆ ಹೇಳಲೂ ಇಲ್ಲ. ಅವತ್ತು ಆ ಹೆಂಗಸು ಇನ್ನೊಂದು ಡಬ್ಬ ಎತ್ತಿದ್ದಿದ್ರೆ ಏನಾಗ್ತಿತ್ತು? ಚೀಲ ಯಾರದು ಅಂತ ಕೇಳಿದ್ಲು, ನಂದು ಅಂತ ನನ್ನ ಬಾಯಲ್ಲೇ ಹೇಳಿದ್ದೆ. ಬೇರೆ ರಾಜ್ಯದ ಸಾರಾಯಿ ಇಟ್ಕಂಡಿದ್ರೆ ಅಲ್ಲಿ ಕೇಸು. ಐವತ್ತಾರನೇ ವಯಸ್ಸಲ್ಲಿ, ಭಾಷೆ ಬರ್ದ ಊರಲ್ಲಿ, ಮೂರು ಬಾಟ್ಲಿ ಎದುರಿಗಿಟ್ಕಂಡು "ನಂದಲ್ಲ ಸ್ವಾಮಿ" ಅಂದ್ರೆ ಯಾರು ನಂಬ್ತಿದ್ರು? ಸಿಕ್ಕಾಕೊಳ್ಳಲಿಲ್ಲ, ನಿಜ. ಆದ್ರೆ ನನ್ನ ಮೊಕ ನೋಡಿ ನಂಬಿ ಬುಟ್ಟ ಆ ಹೆಂಗಸಿಗೆ ನಾನು ಸುಳ್ಳು ಹೇಳ್ದಂಗಾಯ್ತಲ್ಲ. ಅವ್ಳಿಗೆ ಅದು ಗೊತ್ತಿಲ್ಲ. ನನಗೆ ಗೊತ್ತದ.

ನಮ್ಮ ನಾದಿನಿಗೆ ಇದನ್ನ ಹೇಳ್ದಾಗ, "ಅಯ್ಯೋ ಬುಡಕ್ಕ, ಎಲ್ರ ಮನೇಲೂ ಇದ್ದದ್ದೇ. ನನ್ನ ಸೀರೆ ಮಧ್ಯ ಎಷ್ಟು ಸಲ ಮಡಗಿಲ್ಲ ಇವರು" ಅಂದ್ಲು. ಹಂಗೆ ಎಲ್ರ ಮನೇಲೂ ಇದ್ದದ್ದು ಅನ್ನೋದಕ್ಕೇ ನಾನು ಇದನ್ನ ಬರೀತಿರೋದು. ಮದುವೆ ಬಸ್ಸಲ್ಲಿ ಹೆಣ್ಣಿನ ಕಡೆ ಹೆಂಗಸ್ರ ಸೂಟ್‌ಕೇಸು, ಬೆಟ್ಟಕ್ಕೆ ಹೋಗೋವಾಗ ಮಗು ಬಟ್ಟೆ ಚೀಲ, ಬಾಣಂತಿ ಫ್ಲಾಸ್ಕು ಅಂತ ನಿಮಗೂ ಒಂದೊಂದು ಕತೆ ಇರ್ತದ. ಹೇಳಲ್ಲ ಅಷ್ಟೇ.

ಹಡಗಿನೋರು ಏನೂ ಸತ್ಯವಂತರಲ್ಲ ಬುಡಿ. ನಮ್ಮ ಹುಡುಗಿ ಹೇಳಿದ್ಲು, ಅಲ್ಲೂ ಬಾಯಿ ಮುಕ್ಕಳಿಸೋ ಔಷಧಿ ಬಾಟ್ಲಿಗೆ ಬಣ್ಣ ಸೇರಿಸಿ ಸಾರಾಯಿ ತುಂಬಿ ಕದ್ದು ಹತ್ತಿಸೋ ಘಾಟಿಗರು ಅವ್ರೆ ಅಂತ. ಕಾನೂನಿಗೂ ಪುಣ್ಯದ ಕಾರಣ ಏನಿಲ್ಲ. ಹಡಗೊಳಗೆ ಅವರೇ ಗ್ಲಾಸಿಗಿಷ್ಟು ಅಂತ ಮಾರ್ತಾರೆ, ನೀವು ಮನೆಯಿಂದ ತಂದ್ರೆ ಅವರ ಯಾಪಾರ ಕೆಡ್ತದ. ತಮಿಳುನಾಡಿಂದೂ ಹೆಚ್ಚುಕಮ್ಮಿ ಅದೇ ಲೆಕ್ಕ. 2003ರಿಂದ ಅಲ್ಲಿ ಚಿಲ್ಲರೆ ಅಂಗಡಿ ಎಲ್ಲ ಸರ್ಕಾರದ ಟಾಸ್ಮ್ಯಾಕ್‌ದೇ, ಬೇರೆ ರಾಜ್ಯದ ಸರಕು ಒಳಗೆ ಬಂದ್ರೆ ಅವರ ತೆರಿಗೆ ಹೋಯ್ತದ. ಹಂಗಾದ್ರೂ ಹಡಗಿನ ಕಾನೂನಲ್ಲಿ ನನಗೆ ಹಿಡಿಸಿದ್ದು ಒಂದು ಅದ. ತಲೆಗೊಂದು ಬಾಟ್ಲಿ, ಅದೂ ಅವರವರ ಕೈಯಲ್ಲಿ. ಹೆಂಡ್ತಿ ಪಾಲಿಂದು ಹೆಂಡ್ತಿ ಕೈಯಲ್ಲಿ, ಗಂಡನ ಪಾಲಿಂದು ಗಂಡನ ಕೈಯಲ್ಲಿ. ಯಾರ ಬಾಟ್ಲಿ ಅಂತ ಕೇಳಿದ್ರೆ ಹಿಡ್ಕಂಡೋರೇ ಉತ್ತರ ಹೇಳ್ಬೇಕು.

ನಮ್ಮ ಕಡೆ ಈ ಬಾಟ್ಲಿ ಕತೆ ಚೀಲಕ್ಕೆ ಮುಗಿಯಲ್ಲ ಅನ್ನೋದು ಇನ್ನೊಂದು ಸಂಕಟ. ಬಚ್ಚಿಟ್ಟು ತಂದದ್ದನ್ನ ಬಚ್ಚಿಟ್ಟೇ ಕುಡೀತಾರೆ, ಕುಡಿದ ಮೇಲೆ ಖಾಲಿ ಬಾಟ್ಲಿನೂ ಬಚ್ಚಿಡಬೇಕು. ಎಲ್ಲಿ? ಲಾಂಟಾನ ಪೊದೆ ಒಳಗೆ. ಕಾಡಿನ ರಸ್ತೇಲಿ ಗಾಡಿ ನಿಲ್ಲಿಸಬಾರದು ಅಂತ ಬೋರ್ಡ್ ಹಾಕವ್ರೆ, ದಂಡನೂ ಹಾಕ್ತಾರೆ, ಆದ್ರೂ ಓಡೋ ಗಾಡಿಯಿಂದಲೇ ಬೀಸಾಕೋರು ಅವ್ರೆ. ಕಲ್ಲಿಗೆ ಬಿದ್ರೆ ಚೂರಾಯ್ತದ. ಆನೆ ಕಾಲು ನೋಡಿದ್ದೀರ ನೀವು? ಮೇಲೆ ನೋಡಕ್ಕೆ ಒರಳುಕಲ್ಲು ಇದ್ದಂಗೆ. ಆದ್ರೆ ಅಡಿಪಾದ ಮೆತ್ತೆ ಥರ, ಭಾರ ಬಿದ್ದಾಗ ಹರಡ್ಕಂಡು ಊರ್ತದ. ಗಾಜು ಹೊಕ್ಕಿದ್ರೆ ಒಳಗೇ ಕೀವು. ನಮಗೆ ಕಾಲಿಗೆ ಮುಳ್ಳು ಚುಚ್ಚಿದ್ರೆ ಜಗಲಿ ಮೇಲೆ ಕುಂತು ಪಿನ್ನಲ್ಲಿ ತೆಗೀತೀವಿ. ಅದು ದಿನಕ್ಕೆ ಒಂದೂವರೆ ಕ್ವಿಂಟಾಲ್ ಸೊಪ್ಪು ತಿನ್ನೋ ಜೀವ, ನಡೀದಿದ್ರೆ ಮೇವಿಲ್ಲ, ನೀರಿಲ್ಲ.

ತೆಪ್ಪಕಾಡು ಆನೆ ಕ್ಯಾಂಪು ನಮ್ಮ ಬಂಡೀಪುರ ದಾಟಿದ್ರೆ ಸಿಗ್ತದ, ಆಸ್ಕರ್ ಬಂದ ಸಿನಿಮಾದ ಬೊಮ್ಮನ್, ಬೆಳ್ಳಿ ಇರೋದು ಅಲ್ಲೇ. ಆ ಸಿನಿಮಾನ ನಾವೆಲ್ಲ ಫೋನಲ್ಲಿ ನೋಡಿ ಕಣ್ಣೀರು ಹಾಕಿದೊ. ಆ ಮರಿಯಾನೆ ಓಡಾಡೋ ಕಾಡಿಗೇ ನಮ್ಮ ಮನೆ ಗಂಡಸ್ರು ಗಾಜು ಎಸೀತಾರೆ.

ತಮಿಳುನಾಡಿನೋರು ಇದಕ್ಕೆ ಒಂದು ಉಪಾಯ ಮಾಡವ್ರೆ, ಅದನ್ನ ಮೆಚ್ಚಬೇಕು. ಮದ್ರಾಸ್ ಹೈಕೋರ್ಟು ಗದರಿಸಿದ ಮೇಲೆ, 2022ರ ಮೇ ತಿಂಗಳಿಂದ ನೀಲಗಿರಿಲಿ ಟಾಸ್ಮ್ಯಾಕ್ ಅಂಗಡಿಲಿ ಒಂದೊಂದು ಬಾಟ್ಲಿಗೂ ಹತ್ತು ರೂಪಾಯಿ ಜಾಸ್ತಿ ಈಸ್ಕತಾರೆ. ಖಾಲಿ ಬಾಟ್ಲಿ ವಾಪಸ್ ತಂದ್ಕೊಟ್ರೆ ಆ ಹತ್ತು ರೂಪಾಯಿ ವಾಪಸ್. ನಾವು ಚಿಕ್ಕೋರಿದ್ದಾಗ ಗೋಲಿ ಸೋಡಾ ಕುಡಿದು ಬಾಟ್ಲಿ ಅಂಗಡಿಗೇ ಕೊಡ್ತಿದ್ದೋ ಅಲ್ವಾ, ಅದೇ ಪದ್ಧತಿ. ಕುಡಿಯೋನು ಎಸೆದ್ರೂ ಹತ್ತು ರೂಪಾಯಿ ಆಸೆಗೆ ಇನ್ನೊಬ್ಬ ಆಯ್ಕಂಡೋಗ್ತಾನೆ. ಆದ್ರೆ ನಮ್ಮ ಅಳಿಯ ನನ್ನ ಟವಲ್ಲಲ್ಲಿ ಸುತ್ತಿ ತಂದ ಬಾಟ್ಲಿಗೆ ಅಲ್ಲಿ ಯಾರು ಹತ್ತು ರೂಪಾಯಿ ಕೊಡ್ತಾರೆ? ಅದು ಅಲ್ಲಿ ಕೊಂಡದ್ದಲ್ಲವಲ್ಲ. ಕದ್ದು ತಂದ ಬಾಟ್ಲಿಗೆ ತೌರು ಮನೆಯೂ ಇಲ್ಲ, ಗಂಡನ ಮನೆಯೂ ಇಲ್ಲ. ಅವತ್ತು ಆ ಮೂರನ್ನೂ ವಾಪಸ್ ಬರೋವಾಗ ನಾನೇ ಅದೇ ಟವಲ್ಲಲ್ಲಿ ಸುತ್ತಿ ತಂದು ನಮ್ಮೂರ ಗುಜರಿಯೋನಿಗೆ ಹಾಕಿದೆ. ಖಾಲಿ ಬಾಟ್ಲಿಗೆ ಯಾರ ಭಯವೂ ಇಲ್ಲ, ಕಿಟಕಿ ಪಕ್ಕದಲ್ಲೇ ಇಟ್ಕಂಡು ಬಂದೆ. ಕೆಕ್ಕನಹಳ್ಳದಲ್ಲಿ ಆ ಹೆಂಗಸು ಇದ್ದಾಳಾ ಅಂತ ಕಣ್ಣಾಡಿಸ್ದೆ, ಇರಲಿಲ್ಲ. ಇದ್ದಿದ್ರೆ ಏನು ಹೇಳ್ತಿದ್ದೆನೋ.

ಈಗ ನಮ್ಮ ಮನೇಲಿ ಕಾನೂನು ಮಾಡಿದ್ದೀನಿ. ಬುತ್ತಿ ಚೀಲ ನಾನು ಕಟ್ಟೋದು, ನಾನೇ ಬಾಯಿ ಹೊಲೆಯೋದು. ಹೌದು, ಗೋಣಿ ದಬ್ಬಳ ತಕ್ಕಂಡು ಎರಡು ಹೊಲಿಗೆ ಹಾಕೇ ಬುಡ್ತೀನಿ. ಊಟದ ಹೊತ್ತಿಗೆ ದಾರ ಕತ್ತರಿಸೋದು. ನಗ್ತಾರೆ, ನಗ್ಲಿ. ನೀರಿಗೆ ಸ್ಟೀಲ್ ಬಾಟ್ಲಿ, ಮಜ್ಜಿಗೆಗೆ ಹಾಲಿನ ಕ್ಯಾನು, ಚಟ್ನಿಗೆ ಚಿಕ್ಕ ಸ್ಟೀಲ್ ಡಬ್ಬ, ಪ್ಲಾಸ್ಟಿಕ್ ಕವರ್ ಬದ್ಲು ಬಾಳೆ ಎಲೆ, ಮೇಲೊಂದು ಹಳೇ ಪಂಚೆ. ಎಲೆನ ಒಲೆ ಹತ್ರ ವಸಿ ಬಾಡಿಸ್ಕಂಡ್ರೆ ಮಡಿಚಿದ್ರೂ ಸೀಳಲ್ಲ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗೋರಿಗೂ ಇದೇ ಸರಿ. ಬೆಟ್ಟದ ಬುಡದಲ್ಲಿ ನಮ್ಮ ಗಾಡಿ ಬುಟ್ಟು ಸರ್ಕಾರಿ ಬಸ್ಸಲ್ಲೇ ಹತ್ತಬೇಕು, ಗಂಟು ಹಗುರ ಇದ್ದಷ್ಟೂ ಸುಖ.

ಹೆಂಗಸ್ರಿಗೆ ಒಂದು ಮಾತು. ಹೊರಡೋ ಮುಂಚೆ ನಿಮ್ಮ ಚೀಲ ನೀವೇ ತಳಗಂಟ ನೋಡಿ. ಯಾರಾದ್ರೂ "ಇದೊಂದು ವಸಿ ನಿನ್ನ ಸೀರೆ ಮಧ್ಯ ಮಡಗು" ಅಂದ್ರೆ, ಜಗಳ ಬ್ಯಾಡ, "ನಿನ್ನ ಪ್ಯಾಂಟು ಶರಟಿನ ಮಧ್ಯ ಮಡಿಕೊ, ಅಲ್ಲೂ ಮೆತ್ತಗೇ ಅದ" ಅನ್ನಿ. ಒಡೀದಂಗೆ ಕಟ್ಟೋದು ಹೆಂಗೆ ಅಂತ ಬೇಕಾದ್ರೆ ಹೇಳಿಕೊಡಿ. ನಾನು ಅಮೆರಿಕಕ್ಕೇ ಹೇಳ್ಕೊಟ್ಟಿದ್ದೀನಿ. ಗಡಿ ದಾಟಿಸೋದು ತಪ್ಪು ಅಂತ ಗೊತ್ತಿದ್ರೆ ಹೋದ ಕಡೆಯೇ ಕೊಂಡು ಕುಡೀಲಿ, ದುಡ್ಡು ಜಾಸ್ತಿ ಆದ್ರೆ ಆಗ್ಲಿ. ಇಲ್ಲಿಂದಲೇ ಹೊತ್ಕೊಂಡೋಗ್ತೀನಿ ಅಂದ್ರೆ ಅವನ ತೊಡೆ ಮೇಲೆ ಅವನೇ ಇಟ್ಕಂಡು, ಯಾರದು ಅಂದ್ರೆ ನಂದು ಅನ್ನಲಿ.

ದೀಪಾವಳಿ ರಜದಲ್ಲಿ ಅದೇ ಅಳಿಯ ಮತ್ತೆ ಬಂದಿದ್ದ, ಈ ಸಲ ವಯನಾಡಿನ ಕಡೆ ಹೋಗೋರು. ಮದ್ದೂರು ಚೆಕ್‌ಪೋಸ್ಟ್ ದಾರಿ. ಬೆಳಗ್ಗೆ ಜಗಲಿ ಮೇಲೆ ಎಲ್ರ ಚೀಲನೂ ಸಾಲಾಗಿ ಮಡಗಿದ್ರು. ನಾನು ಕಾಫಿ ಲೋಟ ಹಿಡ್ಕಂಡು ಬಂದು, ನಗ್ತಾನೇ, "ಇದರೊಳಗೆ ಬಾಟ್ಲಿ ಇರೋ ಚೀಲ ಯಾವ್ದಪ್ಪ, ಯಾರ್ದು?" ಅಂದೆ. ಅವನ ಹೆಂಡ್ತಿ ತನ್ನ ಮಗು ಬಟ್ಟೆ ಚೀಲ ನೋಡಿದ್ಲು, ಆಮೇಲೆ ಗಂಡನ ಮೊಕ ನೋಡಿದ್ಲು. ಅವಳಿಗೂ ಗೊತ್ತಿರಲಿಲ್ಲ ಪಾಪ. ಅವನು ಒಂದು ಮಾತೂ ಆಡ್ದೆ ಆ ಚೀಲದೊಳಗಿಂದ ಒಂದು ಬಾಟ್ಲಿ ತೆಗೆದು ನನ್ನ ಕೈಗೆ ಕೊಟ್ಟ. "ಇಲ್ಲೇ ಇರ್ಲಿ ಅತ್ತೆ, ವಾಪಸ್ ಬರೋವಾಗ ತಕ್ಕೊಂಡೋಗ್ತೀನಿ" ಅಂದ. ವಾಪಸ್ ಬರೋವಾಗ ಮೈಸೂರಿಗೆ ಬೇರೆ ದಾರೀಲಿ ಹೋದ್ರು. ಬಾಟ್ಲಿ ನಮ್ಮ ಅಟ್ಟದ ಮೇಲೆ ನಿಂಬೆಕಾಯಿ ಜಾಡಿ ಪಕ್ಕ ಅದ, ಧೂಳು ಕುಂತದೆ. ಯಾವಾಗ್ಲಾದ್ರೂ ಬಂದು ತಕ್ಕೊಂಡೋಗ್ಲಿ, ಚೀಲ ಮಾತ್ರ ಅವನೇ ತರ್ಲಿ.